ನೋ ಫಿಕ್ಸ್

ಇಂಟೆಲ್‌ನವರು ತಮ್ಮ ಪ್ರೊಸೆಸರ್‌ಗಳಿಗೆ ‘ಸ್ಪೆಸಿಫಿಕೇಷನ್ ಅಪ್‌ಡೇಟ್’ ಅಂತ ಒಂದು ಪಿಡಿಎಫ್ ಹೊರತರುತ್ತಾರೆ. ಹೆಸರು ಕೇಳಿದರೆ ಏನೋ ಹೊಸ ಸೌಲಭ್ಯ ಬಂದಿದೆ ಅನ್ನಿಸುತ್ತೆ. ಒಳಗಿರೋದು ಚಿಪ್‌ನಲ್ಲೇ ಉಳಿದುಹೋದ ತಪ್ಪುಗಳ ಪಟ್ಟಿ. ಚಂದ್ರಾ ಲೇಔಟ್‌ನ ನಮ್ಮ ಮನೇಲಿ ರಾತ್ರಿ ಹನ್ನೊಂದರ ಮೇಲೆ ನಾನು ಅತಿ ಹೆಚ್ಚು ಓದಿರೋ ಸಾಹಿತ್ಯ ಇದೇ. ಹಾಗಾಗಿ ವಿಮರ್ಶೆ ಮಾಡೋ ಹಕ್ಕಿದೆ ಅಂದುಕೊಂಡಿದ್ದೇನೆ.

ವರ್ಚುವಲ್ ಮಷೀನ್‌ಗೆ ‘ಇಷ್ಟು ಹೊತ್ತು ಓಡು, ಆಮೇಲೆ ಜಾಗ ಬಿಡು’ ಅಂತ ಹೇಳೋಕೆ ಪ್ರೊಸೆಸರ್ ಒಳಗೇ ಪ್ರಿಎಂಪ್ಷನ್ ಟೈಮರ್ ಅಂತ ಒಂದಿದೆ. ಚಿಪ್‌ನ ಗಡಿಯಾರದ ಎಣಿಕೆ ಇಂತಿಷ್ಟು ಏರಿದಾಗ ಇದು ಒಂದು ಇಳಿಯಬೇಕು. ಎಷ್ಟಕ್ಕೆ ಒಂದು ಅನ್ನೋದನ್ನೂ ಚಿಪ್ಪೇ ಹೇಳುತ್ತೆ. ಟೆಸ್ಟ್ ಬರೆಯೋದು ಸುಲಭ, ಎರಡನ್ನೂ ಹೋಲಿಸಿದರಾಯ್ತು. ಆದರೆ ಜಿಯಾನ್ 5500, ಕೋರ್ ಐ7-900 ಥರದ ಕೆಲವು ಚಿಪ್‌ಗಳಲ್ಲಿ ಅದು ತಾನೇ ಹೇಳಿದ ವೇಗದಲ್ಲಿ ಇಳಿಯೋದಿಲ್ಲ. ಟೆಸ್ಟ್ ಫೇಲ್. ಆಫೀಸಿನಲ್ಲಿ ಆಗ ಮೊದಲು ನೋಡೋದು ಕೊನೇಲಿ ಕೋಡ್ ಹಾಕಿದವರ ಹೆಸರನ್ನ. ಎಷ್ಟೋ ಸಲ ಅದು ಹೊಸದಾಗಿ ಸೇರಿದವರದ್ದೇ ಆಗಿರುತ್ತೆ. ಪಾಪ, ಮೂರು ದಿನ ತಮ್ಮ ಕೂಡಿಸೋ ಕಳೆಯೋ ಲೆಕ್ಕವನ್ನೇ ಅನುಮಾನಿಸ್ತಾ ಕೂರ್ತಾರೆ.

ತಪ್ಪನ್ನು ಇಂಟೆಲ್ ತಾನಾಗೇ ಅಚ್ಚು ಹಾಕಿದೆ, ಮೆಚ್ಚಬೇಕಾದ್ದೇ. ಬರೆದ ರೀತಿಗೆ ನನ್ನ ತಕರಾರು. ಎಲ್ಲ ಕಡೆ ‘ಹೀಗಾಗಬಹುದು’. ಯಾರಿಂದ ಆಯ್ತು ಅನ್ನೋ ಮಾತೇ ಇಲ್ಲ. ಪಕ್ಕದಲ್ಲಿ ಸಾಲು ಸಾಲಾಗಿ ‘ನೋ ಫಿಕ್ಸ್’. ಪಟ್ಟಿ ಇರೋದು ಮಾಡೆಲ್ ಪ್ರಕಾರ, ರೋಗಲಕ್ಷಣದ ಪ್ರಕಾರ ಅಲ್ಲ. ಚಿಪ್ಪಿನ ಮೇಲೆ ಮೊದಲೇ ಅನುಮಾನ ಬಂದವರಿಗಷ್ಟೇ ಅದರೊಳಗೆ ದಾರಿ. (2008ರ ಡನ್ನಿಂಗ್ಟನ್ ಜಿಯಾನ್ ವಿನ್ಯಾಸ ಆಗಿದ್ದು ಬೆಂಗಳೂರಲ್ಲೇ. ಅತ್ತಿಗುಪ್ಪೆ ಮೆಟ್ರೋದಲ್ಲಿ ನನ್ನ ಪಕ್ಕ ನಿಂತವರೂ ಇಂಥ ಪಟ್ಟಿ ಬರೆದವರಿರಬಹುದು!)

ಅದೇ ತಪ್ಪಿನ ಬಗ್ಗೆ ಲಿನಕ್ಸ್‌ನ ಕೆವಿಎಂ ಕೋಡ್‌ನಲ್ಲಿ ಇನ್ನೊಂದು ಬರಹ ಇದೆ. ಫಂಕ್ಷನ್ ಹೆಸರಲ್ಲೇ ‘ಬ್ರೋಕನ್’ ಅಂತ ಇದೆ. ಜೊತೆಗೆ ಕೆಟ್ಟ ಚಿಪ್‌ಗಳ ಪುಟ್ಟ ಪಟ್ಟಿ, ಇಂಟೆಲ್‌ನದ್ದೇ ತಪ್ಪಿನ ನಂಬರ್ ಸಮೇತ. ಅಷ್ಟೇ. ನನ್ನ ಪ್ರಕಾರ ಒಳ್ಳೆ ಗದ್ಯ ಇದು.

1994ರಲ್ಲಿ ಪೆಂಟಿಯಮ್ ಭಾಗಾಕಾರ ತಪ್ಪು ಮಾಡಿದಾಗ ಜನ ಗಲಾಟೆ ಎಬ್ಬಿಸಿದರು. ಕೇಳಿದವರಿಗೆಲ್ಲ ಬದಲಿ ಚಿಪ್ ಕೊಡಬೇಕಾಯ್ತು, ಇಂಟೆಲ್‌ಗೆ 47.5 ಕೋಟಿ ಡಾಲರ್ ಹೊರೆ ಬಿತ್ತು. ಭಾಗಾಕಾರ ಎಲ್ಲರಿಗೂ ಅರ್ಥ ಆಗುತ್ತೆ. ಟೈಮರ್‌ಗೋಸ್ಕರ ಯಾರು ಗಲಾಟೆ ಮಾಡ್ತಾರೆ?

ಹ್ಯಾಸ್ವೆಲ್, ಬ್ರಾಡ್‌ವೆಲ್, ಸ್ಕೈಲೇಕ್‌ಗಳಲ್ಲಿ ಇನ್ನೊಂದು ಟೈಮರ್‌ನ ದೋಷ ಇತ್ತು. ಹಳೇ ಮೈಕ್ರೋಕೋಡ್ ಇದ್ದರೆ ಲಿನಕ್ಸ್ ಬೂಟ್ ಆಗುವಾಗಲೇ ಒಂದು ಸಾಲು ಬರುತ್ತೆ: ದೋಷ ಇರೋದರಿಂದ ಇದನ್ನು ನಿಲ್ಲಿಸಿದ್ದೇವೆ, ಮೈಕ್ರೋಕೋಡ್‌ನ ಇಂಥ ಆವೃತ್ತಿ ಹಾಕಿಕೊಳ್ಳಿ. ಮೊನ್ನೆ ಸೇರಿದ ಹುಡುಗಿಗೂ ಅದು ಕಣ್ಣಿಗೆ ಬೀಳುತ್ತೆ.