ಕೆಟ್ಟಾಗ ಕಂಪ್ಯೂಟರ್ ಯಾವ ಭಾಷೆ ಆಡುತ್ತದೆ? ಬೋಡಿಮೆಟ್ಟಿನಿಂದ ನೋಡಿದ ಮುಕ್ತ ತಂತ್ರಾಂಶದ ಕನ್ನಡ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಉಳಿಸಿಕೊಳ್ಳಲಾಗಿದೆ.)

 

ತಂತ್ರಾಂಶದ ಕನ್ನಡದ ಬಗ್ಗೆ ನಾವು ಮಾಡುವ ವಿಮರ್ಶೆ ಬಹುಮಟ್ಟಿಗೆ ಪದಗಳ ವಿಮರ್ಶೆ. ಫೈಲ್ ಅನ್ನಬೇಕೋ ಕಡತ ಅನ್ನಬೇಕೋ, ಪ್ರಿಂಟರ್ ಸಾಕೋ ಮುದ್ರಕ ಬೇಕೋ, ಇಂಥ ಚರ್ಚೆಗಳು. ಅವು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕಂಪ್ಯೂಟರ್ ಕೆಟ್ಟು ನಿಂತಾಗ ಅದು ನಮ್ಮ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಗ್ನೂ ಲಿನಕ್ಸ್ ಡೆಸ್ಕ್‌ಟಾಪಿನ ಕನ್ನಡ ಎಲ್ಲ ಸರಿಯಿದ್ದಾಗ ಮೆನುವಿನಲ್ಲಿರುತ್ತದೆ, ತೊಂದರೆ ಬಂದ ಕೂಡಲೇ ಎದ್ದು ಹೋಗುತ್ತದೆ. ಇದು ನನ್ನ ವಾದ. ಇದನ್ನು ಬೋಡಿಮೆಟ್ಟಿನ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ.

ಬೋಡಿಮೆಟ್ಟು ತೇಣಿ ಜಿಲ್ಲೆಗೂ ಕೇರಳದ ಇಡುಕ್ಕಿ ಜಿಲ್ಲೆಗೂ ನಡುವಿನ ಘಟ್ಟದ ತಲೆ. ಕೆಳಗೆ ಏಲಕ್ಕಿ ವ್ಯಾಪಾರದ ಬೋಡಿನಾಯಕನೂರು, ಆಚೆ ಏಲಕ್ಕಿ ತೋಟಗಳು. ಈ ಭಾಗದಲ್ಲಿ, ಕಂಬಂ ಕಣಿವೆಯ ಉದ್ದಕ್ಕೂ, ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. 1909ರಲ್ಲಿ ಬಂದ ಥರ್ಸ್ಟನ್ನರ ಗ್ರಂಥದಲ್ಲಿಯೇ ಅನುಪ್ಪರ್, ಕಾಪ್ಪಿಲಿಯರ್ ಸಮುದಾಯಗಳನ್ನು ಕನ್ನಡ ಆಡುವವರು ಎಂದು ಗುರುತಿಸಲಾಗಿದೆ. ನಾನೂ ಆ ಕಡೆಯವಳೇ. ನಮ್ಮಲ್ಲಿ ಕನ್ನಡ ಮಾತಾಡ್ತೀವಿ, ಓದು ಬರಹ ತಮಿಳಿನಲ್ಲಿ. ಕನ್ನಡ ಲಿಪಿ ಕಲಿತದ್ದು ನಾನು ಈ ವಿಭಾಗಕ್ಕೆ ಬಂದ ಮೇಲೆ.

ಈ ಗಡಿಯ ಎರಡೂ ಕಡೆ ಮುಕ್ತ ತಂತ್ರಾಂಶ ಸರ್ಕಾರದ ಮೂಲಕವೇ ಬಂದಿದೆ. ತಮಿಳುನಾಡು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿದಾಗ ಅದರಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಇತ್ತು. ಇದು ಸಿ-ಡ್ಯಾಕ್ ಡೆಬಿಯನ್ ಆಧಾರದ ಮೇಲೆ ರೂಪಿಸಿದ್ದು, ಹಲವು ಭಾರತೀಯ ಭಾಷೆಗಳಿಗೆ ಬೆಂಬಲ ಇರುವಂಥದ್ದು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೇ ಗ್ನೂ ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯ ಕನ್ನಡದಲ್ಲೇ ಸಿಗುತ್ತದೆ. ಬೋಡಿಯ ಕನ್ನಡದ ಮಗುವಿಗೆ ಆ ಪುಸ್ತಕ ಸಿಗೋದಿಲ್ಲ, ಸಿಕ್ಕರೂ ಓದೋಕೆ ಬರೋದಿಲ್ಲ.

ಈಗ ದಿನನಿತ್ಯದ ಮೂರು ತೊಂದರೆಗಳನ್ನು ಪಠ್ಯಗಳ ಹಾಗೆ ಓದೋಣ.

ಮೊದಲನೆಯದು ಗಡಿಯಾರ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಲಿನಕ್ಸೂ ಇದ್ದರೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಗಂಟೆ ಐದೂವರೆ ತಾಸು ಹಿಂದೆ ಮುಂದೆ ಆಗುತ್ತದೆ. ಮದರ್‌ಬೋರ್ಡಿನ ಬ್ಯಾಟರಿ ಹೋಗಿದೆ ಅಂತ ಜನ ಹೊಸ ಬ್ಯಾಟರಿ ಹಾಕಿಸ್ತಾರೆ, ಆದರೂ ಸರಿಹೋಗಲ್ಲ. ಕಾರಣ ಬೇರೆ. ಯಂತ್ರದೊಳಗಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ನಂಬುತ್ತದೆ, ವಿಶ್ವಸಮಯ ಇದೆ ಎಂದು ಲಿನಕ್ಸ್ ನಂಬುತ್ತದೆ. ಭಾರತದಲ್ಲಿ ಇವೆರಡರ ಅಂತರ 5 ಗಂಟೆ 30 ನಿಮಿಷ. ಇಲ್ಲಿ ಯಾವುದೂ ಕೆಟ್ಟಿಲ್ಲ, ಇಬ್ಬರದೂ ಅವರವರ ಲೆಕ್ಕದಲ್ಲಿ ಸರಿ. ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಲಿನಕ್ಸಿಗೂ ಸ್ಥಳೀಯ ಸಮಯವನ್ನೇ ಒಪ್ಪಿಸಬಹುದು. ಆದರೆ ಈ ತೊಂದರೆ ಬಂದಾಗ ಪರದೆಯ ಮೇಲೆ ಯಾವ ಸಂದೇಶವೂ ಬರೋದಿಲ್ಲ. ಅನುವಾದಿಸಲು ಅಲ್ಲಿ ಪದವೇ ಇಲ್ಲ. ಬೇಕಾಗಿರುವುದು ನಾಲ್ಕು ವಾಕ್ಯದ ವಿವರಣೆ.

ಎರಡನೆಯದು ಅರ್ಧ ಕನ್ನಡದ ಸಂದೇಶ. ಗ್ನೂ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಪ್ರತಿ ಇಂಗ್ಲಿಷ್ ಸಾಲಿಗೂ ಅನುವಾದದ ಸಾಲು ಜೋಡಿಯಾಗಿರುತ್ತದೆ, ಅನುವಾದ ಇಲ್ಲದಿದ್ದರೆ ಇಂಗ್ಲಿಷೇ ಕಾಣಿಸುತ್ತದೆ. ಡೆಸ್ಕ್‌ಟಾಪಿನ ಪದರವನ್ನು ಕನ್ನಡ ಮಾಡಿದವರು ಒಬ್ಬರು, ಕೆಳಗಿನ ಪದರಗಳನ್ನು ಮುಟ್ಟಿದವರು ಕಡಿಮೆ. ಹಾಗಾಗಿ "ಕಡತವನ್ನು ತೆರೆಯಲಾಗಲಿಲ್ಲ: ಪರ್ಮಿಷನ್ ಡಿನೈಡ್" ಎಂಬಂಥ ವಾಕ್ಯ ಹುಟ್ಟುತ್ತದೆ. ಈ ವಾಕ್ಯದ ಮೊದಲರ್ಧ ನೋಡಿ, ಅದು ನಮಗೆ ಕಣ್ಣಿಗೇ ಕಂಡ ಸಂಗತಿ. ಫೈಲ್ ತೆರೆಯಲಿಲ್ಲ ಅನ್ನೋದನ್ನ ಯಾರೂ ಹೇಳಬೇಕಾಗಿಲ್ಲ. ಕಾರಣ ಇರುವುದು ಎರಡನೇ ಅರ್ಧದಲ್ಲಿ, ಅದೇ ಕನ್ನಡಕ್ಕೆ ಬಂದಿಲ್ಲ. ಸಮಸ್ಯೆ ಬಗೆಹರಿಸುವವರು ಸಾಮಾನ್ಯವಾಗಿ ಕೊಡುವ ಮೊದಲ ಸಲಹೆ ಗೊತ್ತಲ್ಲ: ಆದೇಶದ ಮೊದಲಿಗೆ "ಎಲ್‌ಸಿ_ಆಲ್=ಸಿ" ಸೇರಿಸಿ ಓಡಿಸಿ. ಅಂದರೆ ನಿಮ್ಮ ಭಾಷೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಆಮೇಲೆ ರಿಪೇರಿ ಮಾತಾಡೋಣ.

ಮೂರನೆಯದು ಲಾಗಿನ್ ಸುತ್ತು. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಪರದೆ ಮಿಣುಕಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಡಿಸ್ಕ್ ಪೂರ್ತಿ ತುಂಬಿದಾಗ ಹೀಗಾಗುವುದುಂಟು, ಡೆಸ್ಕ್‌ಟಾಪ್ ತನ್ನ ತಾತ್ಕಾಲಿಕ ಫೈಲುಗಳನ್ನು ಬರೆಯಲಾಗದೆ ಹಿಂದಕ್ಕೆ ಬೀಳುತ್ತದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಯ ಕನ್ಸೋಲಿಗೆ ಹೋಗಬೇಕು. ಲಿನಕ್ಸಿನ ಈ ಪಠ್ಯ ಕನ್ಸೋಲ್ ಗರಿಷ್ಠ 512 ಅಕ್ಷರರೂಪಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲದು. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ಅನುವಾದಕರು ಎಷ್ಟೇ ದುಡಿದಿರಲಿ, ಅಲ್ಲಿ ಕನ್ನಡ ಸರಿಯಾಗಿ ಮೂಡುವುದೇ ಇಲ್ಲ. ಯಂತ್ರವನ್ನು ಉಳಿಸುವ ಜಾಗದಲ್ಲೇ ಕನ್ನಡಕ್ಕೆ ಬಾಗಿಲಿಲ್ಲ.

ಯಾಕೆ ಹೀಗಾಯಿತು? ಒಂದು ಕಾರಣ ನಮ್ಮ ಆಯ್ಕೆಯ ಮಾನದಂಡದಲ್ಲಿದೆ. 2008ರಲ್ಲಿ ಆರಂಭವಾದ ಫ್ಯೂಯೆಲ್ ಯೋಜನೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ, ಕಂಪ್ಯೂಟರಿನಲ್ಲಿ ಆಗಾಗ ಕಾಣುವ ಪದಗಳನ್ನು ಒಂದೇ ರೀತಿಗೆ ತರಲು ಯತ್ನಿಸಿತು. ಅದು ಒಳ್ಳೆಯ ಕೆಲಸ, ಪದಗಳ ಗೊಂದಲ ಕಡಿಮೆಯಾಗಲು ನೆರವಾಯಿತು. ಆದರೆ "ಆಗಾಗ ಕಾಣುವುದು" ಎಂಬ ಅಳತೆಗೋಲು ಮೆನುವನ್ನೇ ಮುಂದೆ ತರುತ್ತದೆ. ಮೆನು ದಿನಕ್ಕೆ ನೂರು ಸಲ ಕಾಣುತ್ತದೆ, ಅದನ್ನು ಯಾರೂ ಓದುವುದಿಲ್ಲ, ಕೈಗೇ ಅಭ್ಯಾಸವಾಗಿರುತ್ತದೆ. ದೋಷದ ಸಂದೇಶ ವರ್ಷಕ್ಕೊಮ್ಮೆ ಬರಬಹುದು, ಆದರೆ ಅವತ್ತು ಪ್ರತಿ ಅಕ್ಷರವನ್ನೂ ಓದ್ತೀವಿ. ಓದುವ ತುರ್ತು ಎಲ್ಲಿದೆಯೋ ಅಲ್ಲಿಂದ ಅನುವಾದ ಶುರುವಾಗಬೇಕಿತ್ತು.

ಇನ್ನೊಂದು ಕಾರಣ ಭಾಷಿಕನ ಕಲ್ಪನೆಯಲ್ಲಿದೆ. ತಂತ್ರಾಂಶದಲ್ಲಿ ಕನ್ನಡಿಗನ ಗುರುತು "ಕೆಎನ್_ಐಎನ್", ಅಂದರೆ ಭಾಷೆ ಕನ್ನಡ, ದೇಶ ಭಾರತ. ಈ ಎರಡು ತುಂಡುಗಳ ಹಿಂದೆ ಕನ್ನಡ ಆಡುವವನು ಕನ್ನಡ ಲಿಪಿ ಓದುತ್ತಾನೆ ಎಂಬ ನಂಬಿಕೆ ಕೂತಿದೆ. ಕಂಬಂ ಕಣಿವೆಯ ಕನ್ನಡಿಗರು ಆ ಚೌಕಟ್ಟಿನ ಹೊರಗಿದ್ದಾರೆ. ಅವರಿಗೆ ಕನ್ನಡ ಕಿವಿಯ ಭಾಷೆ. ಊರಲ್ಲಿ ರಿಪೇರಿ ನಡೆಯುವುದೂ ಕಿವಿಯಲ್ಲೇ: ಫೋನಿನ ಆ ತುದಿಯಲ್ಲಿ ಅಕ್ಕನ ಮಗನೋ ಚಿಕ್ಕಪ್ಪನ ಮಗಳೋ "ಈಗ ಏನು ಬಂತು, ಓದಿ ಹೇಳಿ ಮಾವಾ" ಅಂತಾರೆ, ಈ ತುದಿಯಲ್ಲಿ ಏಲಕ್ಕಿ ಲೆಕ್ಕ ಇಡುವ ಮಾವ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳ್ತಾರೆ. ನಡುವಿನ ಮಾತೆಲ್ಲ ಕನ್ನಡ. ಈ ಕನ್ನಡವನ್ನು ಯಾವ ಅನುವಾದ ಯೋಜನೆಯೂ ತನ್ನ ಓದುಗ ಎಂದು ಲೆಕ್ಕಕ್ಕೆ ಹಿಡಿದಿಲ್ಲ.

ಇದಕ್ಕೊಂದು ಪ್ರತಿವಾದ ಇದೆ, ಅದರಲ್ಲಿ ಹುರುಳೂ ಇದೆ. ದೋಷದ ಸಾಲು ಒಂದು ವಿಳಾಸ ಇದ್ದ ಹಾಗೆ. ಅದನ್ನು ಹುಡುಕಿದರೆ ಜಗತ್ತಿನ ಎಲ್ಲೋ ಒಂದು ಕಡೆ ಪರಿಹಾರ ಸಿಗುತ್ತದೆ, ಕನ್ನಡ ಮಾಡಿದರೆ ವಿಳಾಸವೇ ಅಳಿಸಿಹೋಗುತ್ತದೆ. ಒಪ್ಪುತ್ತೇನೆ. ಆದ್ದರಿಂದ ಮೂಲ ಸಾಲನ್ನು ಹಾಗೇ ಉಳಿಸಿ, ಕೆಳಗೆ ಕನ್ನಡದ ವಿವರಣೆ ಕೊಡುವುದು ದಾರಿ. ಸಿಸ್ಟಮ್‌ಡಿಯ ದಿನಚರಿಯಲ್ಲಿ ಸಂದೇಶಕ್ಕೊಂದು ಗುರುತು ಸಂಖ್ಯೆ ಕೊಟ್ಟು, ಅದಕ್ಕೆ ಬೇರೆ ಬೇರೆ ಭಾಷೆಯ ವಿವರಣೆ ಜೋಡಿಸುವ ಏರ್ಪಾಡು ಈಗಾಗಲೇ ಇದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ಆ ವಿವರಣೆಯ ಕನ್ನಡ ಹೇಗಿರಬೇಕು? ಗಟ್ಟಿಯಾಗಿ ಓದಿ ಹೇಳುವಂತಿರಬೇಕು. ಲಾಗಿನ್ ಸುತ್ತಿಗೆ ನಾನು ಬರೆದ ಮಾದರಿ ಇದು:

"ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಅದನ್ನೇ ಕೇಳ್ತಿದೆಯಾ? ಡಿಸ್ಕ್ ತುಂಬಿರಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತೆ, ಹೆದರಬೇಡಿ. ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಒತ್ತುವಾಗ ಏನೂ ಕಾಣಲ್ಲ, ಅದು ಹಾಗೇ. ಡಿ, ಎಫ್, ಒಂದು ಜಾಗ, ಅಡ್ಡಗೆರೆ, ಎಚ್ ಅಂತ ಒತ್ತಿ ಎಂಟರ್ ಕೊಡಿ. ಕೊನೆಯಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು ಹುಡುಕಿ. ಅದರಲ್ಲಿ 100% ಅಂತ ಇದ್ದರೆ ಡಿಸ್ಕ್ ತುಂಬಿದೆ. ಇಲ್ಲದಿದ್ದರೆ ಕಾರಣ ಬೇರೆ ಇರಬಹುದು, ಏನನ್ನೂ ಅಳಿಸಬೇಡಿ."

ಲಕ್ಷಣ, ಊಹೆ, ಪರೀಕ್ಷೆ, ನಿರ್ಧಾರ ಎಂಬ ಕ್ರಮ ಇದರಲ್ಲಿದೆ. ಊಹೆ ತಪ್ಪಾದರೆ ಎಲ್ಲಿ ನಿಲ್ಲಬೇಕು ಅನ್ನೋದೂ ಇದೆ. ಬರೀ ಆದೇಶ ಕೊಡುವ ಸಲಹೆಗಳಲ್ಲಿ ಈ ಕೊನೆಯದೇ ಇರುವುದಿಲ್ಲ.

ಮುಕ್ತ ತಂತ್ರಾಂಶ ಚಳವಳಿಯ ಮೂಲದಲ್ಲೂ ಒಂದು ಪ್ರಿಂಟರ್ ಇದೆ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯದಲ್ಲಿ ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ತಿಳಿಸುವಂತೆ ಮಾಡಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು, ಮೂಲಸಂಕೇತ ಸಿಗಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಅವತ್ತು ಅವರು ಕೇಳಿದ್ದು ಇಷ್ಟೇ: ಯಂತ್ರ ಕೆಟ್ಟರೆ ಅದು ನನಗೆ ತಿಳಿಯಬೇಕು. ಬೋಡಿಯ ಮಾವ ಕೇಳ್ತಿರೋದೂ ಅದನ್ನೇ. ಮೂಲಸಂಕೇತ ಇವತ್ತು ಎಲ್ಲರಿಗೂ ತೆರೆದಿದೆ, ಏನು ಕೆಟ್ಟಿದೆ ಅನ್ನೋ ಒಂದು ವಾಕ್ಯ ಮಾತ್ರ ಅವರಿಗೆ ಇನ್ನೂ ತಲುಪಿಲ್ಲ.