ಕರುಳಬೇನೆಯ ಅಂಕಣ: ಕ್ಷಾಮಚರಿತ್ರೆಯ ಒಂದು ವಿಮರ್ಶೆ

ಧಾರವಾಡ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಜೇಮ್ಸ್ ಕ್ಯಾಂಪ್‌ಬೆಲ್ಲರು ಸಂಪಾದಿಸಿದ, 1884ರ ಗ್ಯಾಝೆಟಿಯರಿನಿಂದಲೇ ಮೊದಲಿಡುತ್ತಾರೆ. ಅದು ಸಹಜವೇ. ಹಾನಗಲ್ಲು ತಾಲೂಕು, ಶಿಗ್ಗಾವಿಯನ್ನೊಳಗೊಂಡಿದ್ದ ಬಂಕಾಪುರ ತಾಲೂಕು, ಹಿರೇಕೆರೂರನ್ನೊಳಗೊಂಡಿದ್ದ ಕೋಡ ತಾಲೂಕು, ನವಾಬರ ಸವಣೂರು ಸಂಸ್ಥಾನ, ಇವುಗಳ ವಿಷಯವಾಗಿ ಅಷ್ಟು ಸಾಮಗ್ರಿಯು ಒಂದೆಡೆ ದೊರೆಯುವುದು ವಿರಳ. ಆದರೆ 1876–78ರ ಮಹಾಕ್ಷಾಮಕ್ಕೆ ಸಂಬಂಧಿಸಿದ ಸರಕಾರಿ ಬರೆಹಗಳನ್ನು ನಾವು ಓದುವ ಕ್ರಮದಲ್ಲಿ ಒಂದು ದೋಷವು ಬೇರೂರಿದೆಯೆಂದು ನನಗೆ ತೋರುತ್ತದೆ.

ಆ ಕಾಲದ ಮರಣಗಣನೆಯಲ್ಲಿ ಕಾಲರಾ, ಸಿಡುಬು, ಜ್ವರ, ಕರುಳಬೇನೆ, ಅಪಘಾತ, ಇತರ ಕಾರಣ ಎಂಬ ಮುಖ್ಯ ಅಂಕಣಗಳಿದ್ದವು. ಹಸಿವಿಗೆ ಅಲ್ಲಿ ಸ್ಥಾನವಿರಲಿಲ್ಲ. ನಮ್ಮವರು ಕರುಳಬೇನೆಯನ್ನು ಕೊಳೆನೀರಿನ ಫಲವೆಂದು ಆರೋಗ್ಯದ ಅಧ್ಯಾಯಕ್ಕೆ ತಳ್ಳಿ, ಹಸಿವನ್ನು ಕ್ಷಾಮದ ಅಧ್ಯಾಯದಲ್ಲಿ ಬೇರೆಯಾಗಿ ಅಳೆಯುತ್ತಾರೆ. ಗುಮಾಸ್ತನ ಗೆರೆಯನ್ನೇ ದೇಹದೊಳಗಿನ ಗೆರೆಯೆಂದು ನಂಬಿದಂತಾಯಿತು.

ವೈದ್ಯಶಾಸ್ತ್ರವು ಹೇಳುವುದೇ ಬೇರೆ. ಉಂಡದ್ದೆಲ್ಲ ದೇಹಕ್ಕೆ ಸೇರಿತೆಂದು ತಿಳಿಯಲಾಗದು. ಕರುಳು ಅದನ್ನು ಹೀರಿಕೊಳ್ಳಬೇಕು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದ ದೀರ್ಘಕಾಲದ ಕರುಳಿನ ಉರಿಯೂತವು ಅನೇಕರಲ್ಲಿ ಸಣ್ಣಕರುಳಿನ ಕೊನೆಯ ಭಾಗವನ್ನು ಹಿಡಿಯುತ್ತದೆ. ಬಿ–12 ಜೀವಸತ್ತ್ವವು ಒಳಸೇರುವುದು ಮುಖ್ಯವಾಗಿ ಅಲ್ಲಿಯೇ. ಯಕೃತ್ತಿನಲ್ಲಿ ಅದರ ಸಂಗ್ರಹವು ವರ್ಷಗಟ್ಟಲೆ ಇರುವುದರಿಂದ ಕೊರತೆಯು ಬಹುಕಾಲ ಮರೆಯಲ್ಲಿದ್ದು, ಮುಂದೆ ರಕ್ತಹೀನತೆಯಾಗಿಯೋ ಕಾಲಿನ ಜೋಮಾಗಿಯೋ ತಲೆದೋರಬಹುದು. ಇಂಥ ರೋಗಿಗಳಲ್ಲಿ ಡಿ ಜೀವಸತ್ತ್ವವೂ ಕಬ್ಬಿಣವೂ ಕಡಮೆಯಾಗುವುದುಂಟು. ಈ ಬೇನೆಗೆ ಕೊಡುವ ಸಲ್ಫಾಸಲಜೀನ್ ಎಂಬ ಔಷಧಿಯೇ ಫೋಲಿಕ್ ಆಮ್ಲದ ಹೀರಿಕೆಗೆ ಅಡ್ಡಬರುತ್ತದೆ. ನಮ್ಮ ತಾಲೂಕುಗಳ ಶಾಕಾಹಾರಿ ಮನೆಗಳಲ್ಲಿ ಬಿ–12 ಬರುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರವೆನ್ನಬಹುದು.

ಈ ತಿಳಿವಿನಿಂದ ಹಿಂದಿರುಗಿ ನೋಡಿದರೆ 1877ರ ಪ್ರಸಿದ್ಧ ವಾದವು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ರಿಚರ್ಡ್ ಟೆಂಪಲರು ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷರು ಸಾಲದೆಂದರು. ಚರಿತ್ರೆಕಾರರು ಇದನ್ನು ತೂಕದ ಜಗಳವೆಂದೇ ಬರೆಯುತ್ತ ಬಂದಿದ್ದಾರೆ. ಆದರೆ ಅದೇ ಮದರಾಸು ಪ್ರಾಂತದಲ್ಲಿ ಅಲೆಕ್ಸಾಂಡರ್ ಪೋರ್ಟರರು ಕ್ಷಾಮದಲ್ಲಿ ಸತ್ತವರ ಶವಗಳನ್ನು ಪರೀಕ್ಷಿಸಿ, ಕರುಳು ಕ್ಷಯಿಸಿ ತೆಳುವಾಗಿದ್ದುದನ್ನು ಕಂಡು, 1889ರ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಹಸಿವು ಕರುಳನ್ನು ಕೆಡಿಸುವುದು, ಕೆಟ್ಟ ಕರುಳು ಹಸಿವನ್ನು ಬೆಳೆಸುವುದು. ಗಂಜಿಕೇಂದ್ರಕ್ಕೆ ತಡವಾಗಿ ಬಂದವನು ಉಂಡೂ ಸತ್ತರೆ ಅವನನ್ನು ಯಾವ ಅಂಕಣದಲ್ಲಿ ಎಣಿಸಬೇಕು?

ಇದಕ್ಕೆ ಪ್ರತಿಯಾಗಿ ಕ್ಷಾಮದ ಭೇದಿಯನ್ನೆಲ್ಲ ಕ್ರೋನ್ ರೋಗವೆಂದು ಹೆಸರಿಸುವ ಉತ್ಸಾಹವೂ ಬೇಡ. ಕರುಳಿನ ಕ್ಷಯವೂ ಅದೂ ಒಂದೇ ಬಗೆಯಾಗಿ ಕಾಣುವುದರಿಂದ ಇಂದಿನ ನುರಿತ ವೈದ್ಯರೇ ತಡವರಿಸುವಾಗ, ಹಳೆಯ ದಫ್ತರವನ್ನು ತಿರುವಿ ಹಾಕಿ ನಾವು ರೋಗನಿರ್ಣಯ ಮಾಡುವುದು ಹಾಸ್ಯಾಸ್ಪದ. ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಕಂಡ ಪೆಲಾಗ್ರಾ, ಅಂದರೆ ನಿಯಾಸಿನ್ ಕೊರತೆಯ ರೋಗವೂ ಭೇದಿಯನ್ನು ತರುತ್ತದೆ. 1960ರಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯನವರು ಅದನ್ನು ಜೋಳದ ಲ್ಯೂಸಿನ್ ಅಂಶಕ್ಕೆ ಸಂಬಂಧಿಸಿ ತೋರಿಸಿದರು. ಹಾನಗಲ್ಲಿನ ಭತ್ತದ ಸೆರಗನ್ನೂ ಪೂರ್ವದ ಜೋಳದ ಎರೆಭೂಮಿಯನ್ನೂ ಒಂದೇ ಸರಾಸರಿಯಲ್ಲಿ ಸೇರಿಸಿಬಿಡುವ ಕೋಷ್ಟಕಗಳು ಇಂಥ ಪ್ರಶ್ನೆಯನ್ನು ಕೇಳಲೂ ಬಿಡುವುದಿಲ್ಲ.

ಈ ವಿಷಯವು ನನ್ನನ್ನು ಹಿಡಿದದ್ದು ಗ್ರಂಥಾಲಯದಲ್ಲಲ್ಲ. ಹಿರೇಕೆರೂರಿನ ಬಳಿಯಿರುವ ನನ್ನ ಸೋದರತ್ತೆಯವರಿಗೆ ಹಲವು ವರ್ಷ ಆಮಶಂಕೆಯೆಂದೇ ಔಷಧಿ ನಡೆಯಿತು. ಪಥ್ಯವೆಂದು ಹಾಲು, ಮೊಸರು, ಸೊಪ್ಪುಗಳನ್ನೂ ಬಿಡಿಸಲಾಯಿತು. ಪಾದಗಳು ಜೋಮುಹಿಡಿದಾಗ ವಯಸ್ಸಿನ ದೋಷವೆಂದರು. ಕ್ರೋನ್ ರೋಗವೆಂದು ಗೊತ್ತಾಗಿ ಬಿ–12 ಚುಚ್ಚುಮದ್ದು ಆರಂಭವಾಗುವ ಹೊತ್ತಿಗೆ ಕಾಲುಗಳ ಶಕ್ತಿಯು ಬಹುಮಟ್ಟಿಗೆ ಹೋಗಿತ್ತು. "ತಿನ್ನಾಕ ಏನೂ ಕಡಿಮಿ ಇರಲಿಲ್ಲಪಾ ನಮ್ಮನ್ಯಾಗ" ಎಂದು ಅವರು ಈಗಲೂ ಹೇಳುತ್ತಾರೆ. ಕ್ಷಾಮದ ಕರುಳಬೇನೆಯ ಅಂಕಿಗಳನ್ನು ಆಯಾ ತಿಂಗಳ ಧಾನ್ಯದ ಬೆಲೆಯೊಡನೆಯೂ ಮಳೆಯೊಡನೆಯೂ, ತಾಲೂಕುವಾರಾಗಿ, ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ನಾನು ಬಂಕಾಪುರದಿಂದ ಆರಂಭಿಸಿದ್ದೇನೆ.