ಬೀಸುಕಲ್ಲಿನ ಲೆಕ್ಕ ಇಟ್ಟ ಲಾವಣಿ

ಲಾವಣಿ, ಗೀಗೀ ಪದಗಳ ಮಾತು ಬಂತೆಂದರೆ ನಮ್ಮ ವಿದ್ವಾಂಸರ ಬಳಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಗರತಿಯರ ತ್ರಿಪದಿ ಕಾವ್ಯ, ದೇಶಭಕ್ತಿಯ ಲಾವಣಿ ಬರೀ ದಾಖಲೆ. ಒಂದು ಬಾಳುವಂಥದ್ದು, ಇನ್ನೊಂದು ಆ ಹೊತ್ತಿನ ಪ್ರಚಾರ. 1947ಕ್ಕೆ ಅದರ ಕೆಲಸ ತೀರಿತು. ಇಂಡಿ, ಸಿಂದಗಿ ಕಡೆಯ ಜಾನಪದ ಗೋಷ್ಠಿಗಳಲ್ಲೂ ಇದೇ ಮಾತು ಕೇಳಿಬರುತ್ತದೆ. ಪ್ರಬಂಧಗಳೆಲ್ಲ ಮುಗಿದ ಮೇಲೆ ದಪ್ಪು, ತುಂತುಣಿ ಹಿಡಿದು ಕಾಯುತ್ತ ಕೂತವರನ್ನು ವೇದಿಕೆಗೆ ಕರೆದು, ಊಟದ ಹೊತ್ತಾಯಿತು, ಬೇಗ ಮುಗಿಸಿರಿ ಎನ್ನುತ್ತಾರೆ. ಈ ತೀರ್ಪು ತಪ್ಪು. ನಾಡು, ದೇಶ ಎಂದು ಕನ್ನಡದಲ್ಲಿ ಹಾಡಿದ ಹಾಡುಗಳ ರಾಶಿಯಲ್ಲಿ ಕಾವ್ಯ ಅನ್ನಿಸಿಕೊಳ್ಳುವ ಗಟ್ಟಿ ಕಾಳು ಇರುವುದು ಲಾವಣಿಯಲ್ಲಿಯೇ.

ಹಲಗಲಿ ಬೇಡರ ಲಾವಣಿಯನ್ನೇ ತೆಗೆದುಕೊಳ್ಳಿ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಅಪ್ಪಣೆ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಕೂಡದು ಎಂದು 1857ರಲ್ಲಿ ಇಂಗ್ಲಿಷರ ಕಾಯ್ದೆ ಬಂತು. ಬೇಟೆಯನ್ನೇ ನಂಬಿದ ಮುಧೋಳ ಸೀಮೆಯ ಬೇಡರು ಕೊಡುವುದಿಲ್ಲ ಎಂದರು. ಹನುಮ, ಬಾಲ, ಜಡಗ, ರಾಮ ಮುಂದೆ ನಿಂತರು. ದಂಡು ಬಂದು ಊರು ಸುಟ್ಟಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೆ ಹಾಕಿದರು. 1997ರಲ್ಲಿ ಬಾಗಲಕೋಟೆ ಬೇರೆಯಾಗುವ ತನಕ ಹಲಗಲಿಯೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಮುದ್ದೇಬಿಹಾಳದವರಿಗೆ ಅದು ದೂರದ ಸುದ್ದಿಯಲ್ಲ. ಹಾಡಿದವನು ಕುರ್ತಕೋಟಿಯ ಕಲ್ಮೇಶನ ದಯೆಯನ್ನು ನೆನೆಯುತ್ತಾನೆ. ದೇವರ ಹೆಸರು ಉಳಿದಿದೆ, ಅವನ ಹೆಸರು ಉಳಿದಿಲ್ಲ. ಮುಂಬಯಿ ಸರಕಾರದ ಅಧಿಕಾರಿ, ಶಾಸನಗಳ ಪಂಡಿತ ಜೆ. ಎಫ್. ಫ್ಲೀಟ್ ಇದನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಮುಂದೆ ಬಿ. ಎಸ್. ಗದ್ದಗಿಮಠರ ಸಂಕಲನದ ಮೂಲಕ ಹತ್ತನೆಯ ತರಗತಿಯ ಪುಸ್ತಕಕ್ಕೂ ಬಂತು. ಅಲ್ಲಿಗೆ ಬಂದದ್ದೇ ಇದರ ದುರ್ದೈವವೂ ಆಯಿತು. ಕಾಯ್ದೆ ಯಾವಾಗ ಬಂತು, ಮುಖಂಡರು ಯಾರು ಎಂದು ಕೇಳಿ ಅಂಕ ಕೊಟ್ಟರೆ ಯಾವ ಪದ್ಯವಾದರೂ ದಾಖಲೆಯಾಗಿಯೇ ಕಾಣುತ್ತದೆ.

ಕೊನೆಗೆ ಬರುವ ಲೂಟಿಯ ಭಾಗವನ್ನು ಒಮ್ಮೆ ನಿಧಾನವಾಗಿ ಓದಬೇಕು. ದಂಡಿನವರು ಏನೇನು ಒಯ್ದರು ಎಂದು ಕವಿ ಪಟ್ಟಿ ಕೊಡುತ್ತಾನೆ. ಕೊಡಲಿ, ಕುಡ, ಕಬ್ಬಿಣದಿಂದ ಶುರು. ಅಲ್ಲಿಗೆ ಕಾಯ್ದೆಯ ಮಾತು ಮುಗಿಯಬೇಕಿತ್ತು, ಹುಡುಕಿಕೊಂಡು ಬಂದದ್ದು ಆಯುಧ ತಾನೆ? ಆದರೆ ಪಟ್ಟಿ ನಿಲ್ಲುವುದಿಲ್ಲ, ಅಡುಗೆಮನೆಗೆ ನುಗ್ಗುತ್ತದೆ. ಹಾಲು, ಮೊಸರು, ಬೆಣ್ಣೆ ಹೋದವು. ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ ಹೋದವು. ಅಕ್ಕಿ, ಸಕ್ಕರೆ, ಬೆಲ್ಲ ಹೋದವು. ಉಣ್ಣುವ ಗಂಗಾಳ, ನೀರಿನ ಚರಿಗೆ ಹೋದವು. ಅದೇ ಉಸಿರಿನಲ್ಲಿ ಮಂಗಳಸೂತ್ರ, ಅದರ ಬೆನ್ನಿಗೇ ಬೀಸುಕಲ್ಲು.

ಇಲ್ಲಿ ಕವಿ ‘ಅಯ್ಯೋ’ ಎನ್ನಲಿಲ್ಲ. ಮಂಗಳಸೂತ್ರ ಬಂದಾಗ ದನಿ ಏರಿಸಲಿಲ್ಲ, ತಾಳ ಬದಲಿಸಲಿಲ್ಲ. ಜೀರಿಗೆಗೆ ಎಷ್ಟು ಜಾಗವೋ ಮಂಗಳಸೂತ್ರಕ್ಕೂ ಅಷ್ಟೇ. ಹೆಂಗಸಿನ ಕೊರಳಿಗೆ ಕೈ ಹಾಕಿದ್ದು ಲೂಟಿಗಾರನಿಗೆ ಜೀರಿಗೆ ಡಬ್ಬಿಗೆ ಕೈ ಹಾಕಿದಷ್ಟೇ ಸಲೀಸಾಗಿತ್ತು ಎಂಬುದನ್ನು ಆ ಸಮತಾಳವೇ ಹೇಳುತ್ತದೆ. ಇನ್ನು ಬೀಸುಕಲ್ಲು: ಹೊತ್ತೊಯ್ದರೆ ಭಾರ, ಮಾರಿದರೆ ಬೆಲೆಯಿಲ್ಲ. ಅದನ್ನೂ ಬಿಡಲಿಲ್ಲವೆಂದರೆ ಆ ಊರಲ್ಲಿ ಮತ್ತೆ ಯಾರೂ ರೊಟ್ಟಿ ಬಡಿಯಬಾರದು ಎಂದೇ ಅರ್ಥ. ಇಡೀ ಸಾಮ್ರಾಜ್ಯದ ಬುದ್ಧಿಯನ್ನು ಒಂದು ಬೀಸುಕಲ್ಲಿನಲ್ಲಿ ಹಿಡಿದವನನ್ನು ದಾಖಲೆಗಾರ ಎನ್ನುವವರ ರುಚಿಯ ಬಗ್ಗೆ ನನಗೆ ಗೌರವವಿಲ್ಲ. ಗರತಿಯ ಹಾಡುಗಳಲ್ಲಿ ಬಹಳಷ್ಟು ಹುಟ್ಟಿದ್ದು ಆ ಕಲ್ಲಿನ ಮುಂದೆಯೇ. ಅದನ್ನು ತಿರುವುತ್ತ ಹಾಡಿದ್ದು ಕಾವ್ಯ, ಅದನ್ನು ಕಿತ್ತುಕೊಂಡು ಹೋದರು ಎಂದು ಹಾಡಿದ್ದು ಪ್ರಚಾರ! ಇದು ಯಾವ ನ್ಯಾಯ?

ಇನ್ನು ನಾವು ತಲೆಯ ಮೇಲೆ ಹೊತ್ತ ನಾಡಗೀತೆಗಳ ಪರಂಪರೆಗೆ ಬರೋಣ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿತು. ಹರಿದು ಹಂಚಿಹೋಗಿದ್ದ ಜನಕ್ಕೆ ಅಂದು ಅದು ಬೇಕಿತ್ತು. ಅದರ ಋಣ ದೊಡ್ಡದು. ಆದರೆ 1956ರಲ್ಲಿ ನಾಡು ಒಂದಾದ ಮೇಲೂ ನಾವು ಅದೇ ಸ್ತುತಿಯ ದಾಟಿಯಲ್ಲಿ ಹಾಡುತ್ತ ಉಳಿದೆವು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲಂತೂ ನಾಡೆಂದರೆ ಜಲಪಾತ, ಹಸಿರು ಕಾಡು, ಶಿಲ್ಪ ಎಂದಾಯಿತು. ಆ ರಾಗಗಳು ಚೆಲುವಾಗಿವೆ, ಇಲ್ಲವೆನ್ನಲಾರೆ. ಆದರೂ ನವೆಂಬರ್ ಒಂದರಂದು ಬಸವನ ಬಾಗೇವಾಡಿಯ ಸ್ಪೀಕರಿನಲ್ಲಿ ಮಲೆನಾಡಿನ ವರ್ಣನೆ ಕೇಳುವಾಗ, ಡೋಣಿ ದಂಡೆಯ ಎರಿ ಹೊಲ, ಬಿಳಿಜೋಳದ ತೆನೆ, ಬರಗಾಲಕ್ಕೆ ಗುಳೆ ಹೋದ ಮನೆಗಳು ಯಾವ ನಾಡಿಗೆ ಸೇರಿದವು ಎಂದು ಕೇಳಬೇಕೆನಿಸುತ್ತದೆ. ಆ ಗೀತೆಗಳಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಕಳೆದುಕೊಂಡವರಿಲ್ಲದ ದೇಶಭಕ್ತಿ ನನ್ನನ್ನು ತಟ್ಟುವುದಿಲ್ಲ.

ಲಾವಣಿಗೆ ಇನ್ನೊಂದು ಬಲವಿದೆ, ಎದುರಾಳಿ. ಹರದೇಶಿ, ನಾಗೇಶಿ ಎಂದು ಎರಡು ಮೇಳ. ಗಂಡು ಹೆಚ್ಚು, ಶಿವ ಹೆಚ್ಚು ಎನ್ನುವವರು ಒಂದು ಕಡೆ. ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುವವರು ಇನ್ನೊಂದು ಕಡೆ. ಜಾತ್ರೆಯ ರಾತ್ರಿ ಸವಾಲಿಗೆ ಜವಾಬು ಹಾಡುತ್ತ ಬೆಳಗು ಮಾಡುತ್ತಾರೆ. ನಾಗೇಶಿಯ ಹೆಣ್ಣುಮಗಳು ದಪ್ಪು ಬಡಿದು ಪುರಾಣ ತೆಗೆದು ಪ್ರಶ್ನೆ ಎಸೆದರೆ ಎದುರಿನವನು ಉತ್ತರ ಹುಡುಕಲೇಬೇಕು. ಸೋತರೆ ಊರೇ ನೋಡುತ್ತದೆ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಗೀಗೀ ಮೇಳಗಳು ಬ್ರಿಟಿಷರ ಮೇಲೆ ಹಾಡು ಕಟ್ಟಿದಾಗ ಅವರ ಬೆನ್ನಿಗೆ ಈ ಅಭ್ಯಾಸವಿತ್ತು. ಸರಕಾರವನ್ನು ಅವರು ಕಂಡದ್ದು ಎದುರು ಮೇಳವಾಗಿ, ಜವಾಬು ಕೊಡಬೇಕಾದ ಪಕ್ಷವಾಗಿ. ಇಂದಿನ ನಾಡಗೀತೆಗೆ ಎದ್ದು ನಿಲ್ಲಬಹುದು, ಎದುರು ಮಾತಾಡುವಂತಿಲ್ಲ.

ಜನಪದ ಹಾಡುಗಳನ್ನು ಸಂಗ್ರಹಿಸಿದ ಹಲಸಂಗಿ ಗೆಳೆಯರಿಗೆ ಇದೆಲ್ಲ ಗೊತ್ತಿತ್ತು. ಇಂಡಿ ಸೀಮೆಯ ಆ ಊರು ಲಾವಣಿಕಾರ ಖಾಜಾಭಾಯಿಯ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಬೆಳೆದದ್ದು ಆ ದಪ್ಪಿನ ಸದ್ದಿನಲ್ಲಿ. 1931ರಲ್ಲಿ ‘ಗರತಿಯ ಹಾಡು’, ಅದರ ಹಿಂದೆಯೇ 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ತಂದರು. ತ್ರಿಪದಿ, ಲಾವಣಿ ಎಂದು ಎರಡು ಕಣ್ಣಿನಂತೆ ಕೊಟ್ಟದ್ದರಲ್ಲಿ ನಾವು ಒಂದನ್ನು ಮುಚ್ಚಿದೆವು. ‘ಗರತಿಯ ಹಾಡು’ ಮತ್ತೆ ಮತ್ತೆ ಅಚ್ಚಾಯಿತು, ಜನವಾಣಿ ಬೇರು, ಕವಿವಾಣಿ ಹೂವು ಎಂಬ ಬಿ.ಎಂ.ಶ್ರೀಯವರ ಮುನ್ನುಡಿಯ ಮಾತು ಭಾಷಣಕಾರರಿಗೆಲ್ಲ ಬಾಯಿಪಾಠವಾಯಿತು. ‘ಜೀವನ ಸಂಗೀತ’ವನ್ನು ಓದಿದವರನ್ನು ಹುಡುಕಬೇಕು. ಶಿಷ್ಟರ ಮನೆಗೆ ತವರು ನೆನೆದು ಅಳುವ ಸೊಸೆ ಒಪ್ಪಿಗೆಯಾದಳು. ಬಯಲಲ್ಲಿ ನಿಂತು ಸವಾಲು ಹಾಕುವ ನಾಗೇಶಿಯವಳು ಒಪ್ಪಿಗೆಯಾಗಲಿಲ್ಲ. ಖಾಜಾಭಾಯಿಯನ್ನು ಕವಿ ಬೇಂದ್ರೆಯವರ ಹಿನ್ನೆಲೆ ಹೇಳಬೇಕಾದಾಗ ಮಾತ್ರ ನೆನೆಯುತ್ತೇವೆ. ಬೇಂದ್ರೆಯನ್ನು ಬಿಟ್ಟು ಅವನೊಬ್ಬನನ್ನೇ ಕೂತು ಓದುವ ಉಮೇದು ಎಷ್ಟು ಜನಕ್ಕಿದೆ?

ಜನಪದ ವಾದ್ಯಕ್ಕೆ ದೇಶದ ಪಟ್ಟ ಕಟ್ಟುವುದು ಬೇರೆಡೆಯೂ ನಡೆದಿದೆ. ಯುಗೊಸ್ಲಾವಿಯ ಒಡೆಯುವ ಹೊತ್ತಿಗೆ ಕ್ರೊವೇಷಿಯದಲ್ಲಿ ‘ಜ್ಲಾತ್ನಿ ದುಕಾತಿ’ ಎಂಬ ತಂಡ ಹಳ್ಳಿಯ ತಂಬೂರಿತ್ಸ ಹಿಡಿದು ದೇಶಭಕ್ತಿಯ ಹಾಡುಗಳ ಆಲ್ಬಂ ತಂದಿತು. ಆ ತಂತಿವಾದ್ಯ ಹೊಸ ರಾಷ್ಟ್ರದ ಗುರುತೇ ಆಯಿತು. ನಮ್ಮಲ್ಲಿ ನಾಡು ಕಟ್ಟುವಾಗ ತುಂತುಣಿಗೆ ಆ ಮಾನ ಸಿಗಲಿಲ್ಲ. ಹಾರ್ಮೋನಿಯಂ, ಪಿಟೀಲು, ತಬಲಾಗಳೇ ಸಾಕೆನಿಸಿದವು. ತುಂತುಣಿಯ ದನಿ ಒರಟು ಎನ್ನುವವರಿದ್ದಾರೆ. ಒರಟೇ ಸರಿ. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯಲ್ಲಿ ಕೂತವನಿಗೂ ಮುಟ್ಟಬೇಕಾದ ದನಿ ಅದು. ಸುಗಮ ಸಂಗೀತದ ನಯಕ್ಕೆ ಒಗ್ಗಿದ ಕಿವಿ ಏರುದನಿಯನ್ನೆಲ್ಲ ಅಸಭ್ಯ ಎನ್ನತೊಡಗಿದ್ದರಿಂದಲೇ ಉತ್ತರ ಕರ್ನಾಟಕದ ಹಾಡುಗಾರ ಬೆಂಗಳೂರಿನ ವೇದಿಕೆಯಲ್ಲಿ ವೇಷದ ಪ್ರದರ್ಶನವಾಗಿಬಿಟ್ಟ. ಪಟಕಾ ಸುತ್ತಿಸಿ ಫೋಟೊ ತೆಗೆಯುತ್ತಾರೆ, ಪದದ ಅರ್ಥ ಕೇಳುವುದಿಲ್ಲ. ಕಲಾವಿದ ಎಂದು ಪ್ರಶಸ್ತಿ ಕೊಡುತ್ತಾರೆ, ಕವಿ ಎಂದು ಕರೆಯುವುದಿಲ್ಲ. ಹೊಸಗನ್ನಡ ಕಾವ್ಯದ ಸಂಕಲನ ಮಾಡುವವರು ನವೋದಯದಿಂದ ಆರಂಭಿಸುವ ರೂಢಿ ಬಿಡಲಿ. ಮೊದಲ ಪುಟಕ್ಕೆ ಹಲಗಲಿಯ ಲಾವಣಿ ಇಡಲಿ, ಜಾನಪದ ವಿಭಾಗ ಎಂಬ ತಲೆಬರಹವಿಲ್ಲದೆ.